ದೋಟಿಗೆ ಕೊಡೆ ಕಟ್ಟಿ ಅಳೆದ ಎತ್ತರ

ಕಟ್ಟಡಗಳ ನಕ್ಷೆ ಬರೆಯುವುದರಲ್ಲಿ ನನ್ನ ದುಡಿಮೆಯ ಕಾಲ ಕಳೆಯಿತು. ತೀರ್ಥಹಳ್ಳಿಯಲ್ಲಿ ಶುರುವಾಗಿ, ಹೊಸನಗರದಲ್ಲಿ ಕೆಲವು ವರ್ಷ ನಡೆದು, ಸಾಗರದಲ್ಲಿ ಮುಗಿಯಿತು. ಮೂರೂ ಕಡೆ ಯಜಮಾನರು ಒಬ್ಬರೇ, ಇಂಜಿನಿಯರ್ ರಾಜಪ್ಪ ಗೌಡರು. ಅವರು ಕಚೇರಿ ಎಲ್ಲಿಗೆ ಸಾಗಿಸಿದರೋ ನನ್ನ ಡ್ರಾಯಿಂಗ್ ಬೋರ್ಡೂ ಅಲ್ಲಿಗೆ ಹೋಯಿತು. ಐಟಿಐಯಲ್ಲಿ ಮಾಡಿದ ನಕ್ಷೆಯ ಕೋರ್ಸೇ ನನ್ನ ಓದು. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವು ಮಕ್ಕಳು ಒಮ್ಮೆ ಮನೆಗೆ ಬಂದು, "ನಿಮ್ಮ ಕಾಲದಲ್ಲಿ ಹೇಗಿತ್ತು ಅಂತ ಬರೆದುಕೊಡಿ ಮೇಡಂ" ಎಂದಿದ್ದರು. ಆಗ ಕೂತು ಬರೆಯಲಿಲ್ಲ. ಹೋದ ಮಳೆಗಾಲದ ಕೊನೆಗೆ ನನ್ನ ಅಣ್ಣ ತಿಮ್ಮಪ್ಪ ತೀರಿಕೊಂಡ. ಅವನು ಸಾಗರದ ಪೇಟೆಯಲ್ಲಿ ಐದು ಅಂತಸ್ತಿನ ಕಟ್ಟಡ ಕಟ್ಟಿಸುತ್ತಿದ್ದ. ಮೂರನೇ ಅಂತಸ್ತಿನ ಸ್ಲ್ಯಾಬು ಹಾಕಿ ಮುಗಿದು ಕೆಲಸ ನಿಂತಿತ್ತು. ಮೇಲಿನ ಎರಡು ಅಂತಸ್ತಿಗೆಂದು ಬಿಟ್ಟ ಕಬ್ಬಿಣದ ಕಂಬಿಗಳು ತಾರಸಿಯ ಮೇಲೆ ಗುಂಪುಗುಂಪಾಗಿ ಎದ್ದು ನಿಂತಿದ್ದವು. ಕರ್ಮಗಳೆಲ್ಲ ಮುಗಿದ ಮೇಲೆ ಅತ್ತಿಗೆ ನನ್ನನ್ನು ಕರೆದು ಕೇಳಿದರು: "ಮೇಲೆ ಕಟ್ಸೋದಾ, ಇಲ್ಲಿಗೇ ನಿಲ್ಸೋದಾ? ನೀನೇ ಹೇಳ್ಬೇಕು ಕಣೆ."

ಒಂದು ಊರು ಎಷ್ಟು ಎತ್ತರಕ್ಕೆ ಕಾಣಬೇಕು ಎಂಬುದರ ಮೇಲೆ ನನಗೂ ಅಣ್ಣನಿಗೂ ವರ್ಷಾನುಗಟ್ಟಲೆ ಜಗಳ ನಡೆದಿತ್ತು. ಹಾಗಾಗಿ ಅತ್ತಿಗೆಗೆ ಥಟ್ಟನೆ ಉತ್ತರ ಹೇಳಲು ಆಗಲಿಲ್ಲ. ಕಲಿತದ್ದನ್ನೆಲ್ಲ ಒಂದು ಸಲ ನೆನೆದುಕೊಳ್ಳಬೇಕಾಯಿತು. ನೆನೆದುಕೊಂಡದ್ದೇ ಈ ಬರಹ.

ಮೊದಲು ತೀರ್ಥಹಳ್ಳಿ. ಆಗ ಮರದ ಬೋರ್ಡು, ಟಿ ಸ್ಕ್ವೇರು, ಟ್ರೇಸಿಂಗ್ ಕಾಗದ, ಮಸಿಯ ಪೆನ್ನು. ಮಳೆ ಹಿಡಿದರೆ ಕಾಗದ ತಂಪು ಕುಡಿದು ಉಬ್ಬುತ್ತಿತ್ತು. ಬೆಳಿಗ್ಗೆ ಎಳೆದ ಗೆರೆಗೂ ಸಂಜೆ ಎಳೆದ ಗೆರೆಗೂ ತಾಳೆಯಾಗುತ್ತಿರಲಿಲ್ಲ. ಬೋರ್ಡಿನ ಅಡಿ ಬಲ್ಬು ಉರಿಸಿ ಕಾಗದ ಒಣಗಿಸುತ್ತಿದ್ದೆವು. ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು. ಜಾಸ್ತಿ ಕೆರೆದರೆ ತೂತು. ಆದ್ದರಿಂದ ಗೆರೆ ಎಳೆಯುವ ಮೊದಲು ಯೋಚಿಸುವ ರೂಢಿ ತಾನಾಗಿ ಬಂತು. ಈಗಿನವರು ಕಂಪ್ಯೂಟರಿನಲ್ಲಿ ಅಳಿಸಿ ಮತ್ತೆ ಬರೆಯುತ್ತಾರೆ. ಅದು ಒಳ್ಳೆಯದೇ. ನನ್ನ ಬೆರಳಿಗೆ ಆ ಮಸಿ ಮತ್ತೆ ಬೇಕು ಎಂದು ನನಗೇನೂ ಅನಿಸಿಲ್ಲ.

ಗೌಡರ ಪದ್ಧತಿಯೊಂದಿತ್ತು. ಎರಡು ಅಂತಸ್ತಿಗಿಂತ ಮೇಲೆ ಹೋಗುವ ಕಟ್ಟಡವಾದರೆ, ನಕ್ಷೆ ಪೂರ್ತಿ ಮಾಡುವ ಮೊದಲು ಆ ಜಾಗದಲ್ಲಿ ದೋಟಿ ನಿಲ್ಲಿಸಬೇಕು. ದೋಟಿ ಎಂದರೆ ಅಡಿಕೆ ಗೊನೆ ಇಳಿಸುವ ಉದ್ದದ ಕೋಲು. ಗೊನೆ ಇಳಿಸುವವನೊಬ್ಬನನ್ನು ಕರೆಸಿ, ಕಟ್ಟಡ ಎಷ್ಟು ಎತ್ತರ ಬರುತ್ತದೋ ಅಷ್ಟಕ್ಕೆ ದೋಟಿ ಎತ್ತಿ ಹಿಡಿಸುವುದು. ತುದಿಗೆ ಬಟ್ಟೆಯ ತುಂಡು ಕಟ್ಟುವುದು. ಆಮೇಲೆ ಕಟ್ಟಿಸುವವರನ್ನು ಜೊತೆಗೆ ಕರೆದುಕೊಂಡು ಊರೆಲ್ಲ ಸುತ್ತುವುದು. ಬಸ್‌ಸ್ಟ್ಯಾಂಡಿನಿಂದ ಹೇಗೆ ಕಾಣುತ್ತದೆ, ಹೊಳೆ ದಂಡೆಯಿಂದ ಹೇಗೆ, ಏರು ರಸ್ತೆಯಿಂದ ಹೇಗೆ.

"ಕಾಗದದ ಮೇಲೆ ಎಲ್ಲಾ ಕಟ್ಟಡಾನೂ ಗೇಣುದ್ದ ಸರೋಜಮ್ಮ. ಊರಲ್ಲಿ ನಿಂತಾಗಲೇ ಅದರ ಎತ್ತರ ಗೊತ್ತಾಗೋದು" ಎನ್ನುತ್ತಿದ್ದರು.

ಅವರ ಇನ್ನೊಂದು ಮಾತು: "ಸಣ್ಣ ಊರು ಸಣ್ಣದು ಅಂತಲೇ ಕಾಣ್ಬೇಕು. ದೂರದಿಂದ ನೋಡಿದೋನಿಗೆ ಊರು ಸುಳ್ಳು ಹೇಳ್ಬಾರ್ದು." ಈ ಮಾತನ್ನು ನಾನು ಕಲಿತೆ. ಕಲಿತೆ ಅನ್ನುವುದಕ್ಕಿಂತ ನನ್ನದೇ ಮಾಡಿಕೊಂಡೆ.

ಮೊದಮೊದಲು ದೋಟಿಯ ತುದಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದೆವು, ದೂರಕ್ಕೆ ಕಾಣಲಿ ಎಂದು. ತೀರ್ಥಹಳ್ಳಿಯ ಪೇಟೆಯಲ್ಲಿ ಹಾಗೆ ಎತ್ತಿ ನಿಲ್ಲಿಸಿ ನಾವು ಹೊಳೆ ಕಡೆ ಹೋಗಿ ಬರುವಷ್ಟರಲ್ಲಿ ಅಲ್ಲಿ ಜನ ಸೇರಿದ್ದರು. ಒಬ್ಬರು, "ಎಲೆಕ್ಷನ್ ಬಂತೇನ್ರೀ?" ಎಂದರು. ಇನ್ನೊಬ್ಬರು ಅಂಗಡಿ ಬಾಗಿಲನ್ನು ಅರ್ಧ ಎಳೆದು, "ಬಂದ್ ಎಷ್ಟೊತ್ತಿನ ತನಕ?" ಎಂದು ಕೇಳಿದರು. ದೋಟಿ ಹಿಡಿದು ನಿಂತವನಿಗೆ ಯಾರೋ ಹಾರ ತಂದು ಹಾಕಿದ್ದರು. ಅವನು ಅದನ್ನು ತೆಗೆಯಲೂ ಆಗದೆ ಎರಡೂ ಕೈಯಲ್ಲಿ ದೋಟಿ ಹಿಡಿದು ನಾಚಿಕೊಂಡು ನಿಂತಿದ್ದ. ಅಂದಿನಿಂದ ಗೌಡರು ಮನೆಯಿಂದ ಬಿಳಿ ಟವೆಲು ತರತೊಡಗಿದರು.

ಅಣ್ಣನಿಗೆ ಈ ದೋಟಿಯ ಪದ್ಧತಿ ಕೇಳಿದರೆ ಮೈ ಉರಿಯುತ್ತಿತ್ತು. ಅದಕ್ಕೆ ಕಾರಣವಿತ್ತು.

ನಮ್ಮದು ಗೇಣಿ ಮನೆತನ. ಹೊಸನಗರದ ಹತ್ತಿರದ ಹಳ್ಳಿ. ಭೂಮಿ ಉಳುವವರಿಗೆ ಬರುವುದಕ್ಕೆ ಬಹಳ ಮೊದಲು, ನಮ್ಮ ಅಜ್ಜ ಹೊಸ ಮನೆ ಎಬ್ಬಿಸಿದ್ದ. ಜಾಗ ಸ್ವಲ್ಪ ದಿಬ್ಬದ ಮೇಲಿತ್ತು. ಕಂಬ ನಿಲ್ಲಿಸಿ ಮಾಡಿಗೆ, ಅಂದರೆ ಇಳಿಜಾರು ಸೂರಿಗೆ, ಪಕಾಸಿನ ಮರ ಏರಿಸಿದಾಗ ಭೂಮಿಯ ಒಡೆಯರ ಮನೆಯಿಂದ ಒಬ್ಬರು ಬಂದು ನೋಡಿ, "ನಿನ್ನ ಮಾಡಿನ ನೆತ್ತಿ ನಮ್ಮ ಜಗಲಿಯಿಂದ ಕಾಣ್ತದಲ್ಲೋ" ಎಂದರಂತೆ. ಅಷ್ಟೇ ಮಾತು. ಬೈಗುಳ ಇಲ್ಲ, ಏನಿಲ್ಲ. ಮಾರನೇ ದಿನ ಅಜ್ಜ ಪಕಾಸು ಇಳಿಸಿ, ಎಲ್ಲ ಕಂಬಗಳನ್ನೂ ಬುಡದಲ್ಲಿ ಗರಗಸದಿಂದ ಕುಯ್ದು ಗಿಡ್ಡ ಮಾಡಿದ. ನಾವು ಹುಟ್ಟಿ ಬೆಳೆದದ್ದು ಆ ಗಿಡ್ಡ ಮನೆಯಲ್ಲಿ. ನಮ್ಮ ಅಪ್ಪ ಉದ್ದದ ಆಳು, ಒಳಗೆ ಬರುವಾಗ ಯಾವಾಗಲೂ ತಲೆ ತಗ್ಗಿಸುತ್ತಿದ್ದ. ಊರಲ್ಲಿ ನಮ್ಮನ್ನು 'ಕುಯ್ಗಂಬದವರು' ಎಂದು ಕರೆಯುತ್ತಿದ್ದರು. ಶಾಲೆಯಲ್ಲೂ ಅದೇ ಹೆಸರು. ನನಗೆ ಅದು ಬರೀ ಹೆಸರಾಗಿತ್ತು. ಅಣ್ಣನಿಗೆ ಹಾಗಿರಲಿಲ್ಲ.

ಅವನು ದೊಡ್ಡವನಾಗಿ ಸಾಗರಕ್ಕೆ ಬಂದು ತಗಡಿನ ಶೀಟು, ಪೈಪು ಮಾರುವ ಅಂಗಡಿ ಇಟ್ಟ. ಭಾನುವಾರ ನಾನು ಊಟಕ್ಕೆ ಹೋದರೆ ಜಗಳ ಅನ್ನದ ಜೊತೆಗೇ ಬಡಿಸಿಕೊಳ್ಳುತ್ತಿತ್ತು.

"ನಿಮ್ಮ ಗೌಡ್ರು ಹುಟ್ಟಿದ್ದು ಉಪ್ಪರಿಗೆ ಮನೇಲಿ. ಉಪ್ಪರಿಗೆ ಮೇಲೆ ಕೂತು ನೋಡೋರಿಗೆ ಊರು ತಗ್ಗಾಗಿದ್ರೇ ಚೆಂದ" ಎನ್ನುತ್ತಿದ್ದ.

"ಅವ್ರು ಯಾರ ಕಂಬಾನೂ ಕುಯ್ಸಿಲ್ಲ."

"ಕುಯ್ಸೋ ಕೆಲಸ ಇಲ್ವಲ್ಲೇ ಈಗ. ದೋಟಿ ನಿಲ್ಸಿ, ಊರು ಸುತ್ಸಿ, ನಯವಾಗಿ ಹೇಳಿದ್ರಾತು. ಕೇಳ್ದೋನು ತಾನೇ ಕುಯ್ಕೊಳ್ತಾನೆ."

ಅತ್ತಿಗೆ ಅಡುಗೆಮನೆಯಿಂದ, "ಸಾರು ಆರ್ತಾ ಇದೆ, ಕಟ್ಟಡ ಆಮೇಲೆ ಕಟ್ಟಿ" ಎಂದು ಕೂಗುತ್ತಿದ್ದರು.

ಹೊಸನಗರದಲ್ಲಿದ್ದಾಗ ಆದ ಒಂದು ಎಡವಟ್ಟನ್ನು ಇಲ್ಲಿ ಹೇಳಬೇಕು, ಯಾಕೆಂದರೆ ಅದು ನಮ್ಮ ಸೀಮೆಯಲ್ಲಿ ಮಾತ್ರ ಆಗಬಹುದಾದ ತಪ್ಪು. ಬಟ್ಟೆ ಅಂಗಡಿಯವರೊಬ್ಬರು ಮೂರು ಅಂತಸ್ತು ಕಟ್ಟಿಸುವವರಿದ್ದರು. ತಾರಸಿಯ ಅಂಚಿನ ಮೋಟು ಗೋಡೆ ಎಲ್ಲಿಗೆ ಬರುತ್ತದೋ ಅಲ್ಲಿಯ ತನಕ ದೋಟಿ ಹಿಡಿಸಿದೆವು. ಪಕ್ಕದ ಹೆಂಚಿನ ಮನೆಯ ಗೌರಮ್ಮ ಎಂಬ ಹೆಂಗಸು ಕೂಡ ಅಂಗಳಕ್ಕೆ ಬಂದು ನೋಡಿ, "ಇಷ್ಟಾದ್ರೆ ಅಡ್ಡಿಲ್ಲ, ಬಿಸ್ಲು ಬರ್ತದೆ" ಎಂದರು. ಕಟ್ಟಡ ಎದ್ದಿತು. ಮೊದಲ ಮಳೆಗಾಲಕ್ಕೇ ತಾರಸಿ ಸೋರಿತು. ನಮ್ಮ ಕಡೆಯ ಮಳೆಗೆ ಚಪ್ಪಟೆ ತಾರಸಿ ಎಷ್ಟು ದಿನ ತಡೆದೀತು? ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು. ತಾರಸಿಯ ಮೇಲೆ ಕಬ್ಬಿಣದ ಕಾಲು ನಿಲ್ಲಿಸಿ ನೀಲಿ ಶೀಟಿನ ಮಾಡು ಹೊದಿಸಿದರು. ಮೂರು ಇದ್ದದ್ದು ಕಣ್ಣಿಗೆ ನಾಲ್ಕಾಯಿತು. ಅಷ್ಟೆತ್ತರದ ಶೀಟಿನ ನೀರು ನೇರ ಗೌರಮ್ಮನ ಹೆಂಚಿನ ಮೇಲೆ ಸುರಿಯಿತು. ಹೆಂಚು ಒಡೆದವು, ಅಂಗಳದ ಬಿಸಿಲೂ ಹೋಯಿತು.

ಗೌರಮ್ಮ ಮಳೆಯಲ್ಲಿ ನೆನೆದುಕೊಂಡೇ ನಮ್ಮ ಕಚೇರಿಗೆ ಬಂದರು. ಕೂರಿ ಎಂದರೆ ಕೂರಲಿಲ್ಲ.

"ಅಲ್ಲ ಗೌಡ್ರೇ, ನಿಮ್ಮ ದೋಟಿಗೆ ಟೊಪ್ಪಿ ಇರ್ಲಿಲ್ಲ. ಕಟ್ಟಡಕ್ಕೆ ಟೊಪ್ಪಿ ಬಂದಿದೆ. ನಮ್ಮನೇಲಿ ಈಗ ಒಳಗೂ ಕೊಡೆ ಹಿಡ್ಕೊಂಡು ಕೂರ್ಬೇಕು."

ಗೌಡರು ಗೋಡೆಗೆ ಒರಗಿಸಿದ್ದ ತಮ್ಮ ಕೊಡೆಯನ್ನೇ ನೋಡುತ್ತಾ ಕೂತರು. ಅದೇ ವಾರ ಬಟ್ಟೆ ಅಂಗಡಿಯವರ ಜೊತೆ ಮಾತಾಡಿ ಶೀಟಿನ ಇಳಿಜಾರನ್ನು ರಸ್ತೆ ಕಡೆಗೆ ತಿರುಗಿಸಿದರು, ಅಂಚಿಗೆ ನೀರು ಹಿಡಿಯುವ ತಗಡಿನ ದೋಣಿ ಹಾಕಿಸಿದರು. ಗೌರಮ್ಮನ ಹೆಂಚು ಉಳಿಯಿತು. ಬಿಸಿಲು ಮಾತ್ರ ವಾಪಸು ಬರಲಿಲ್ಲ.

ಅಂದಿನಿಂದ ನಮ್ಮ ದೋಟಿಯ ತುದಿಗೆ ಟವೆಲಿನ ಬದಲು ಬಿಚ್ಚಿದ ಕೊಡೆ ಬಂತು. ಕಟ್ಟಡದ ಎತ್ತರ, ಅದರ ಮೇಲೆ ನಾಳೆ ಬಂದೇ ಬರುವ ಶೀಟಿನ ಎತ್ತರ, ಎರಡೂ ಸೇರಿ ಅಲ್ಲಿಗೆ ಕೊಡೆ. ಜನ ನಗುತ್ತಿದ್ದರು. ನಗಲಿ. ಮಕ್ಕಳೇ, ನೀವು ಎಲ್ಲಿ ಕೆಲಸ ಮಾಡುತ್ತೀರೋ ಅಲ್ಲಿಯ ಮಳೆಯನ್ನೂ ನಕ್ಷೆಯಲ್ಲಿ ಬರೆಯಿರಿ. ಬೆಂಗಳೂರಿನ ನಕ್ಷೆ ನೋಡಿ ಹೊಸನಗರದಲ್ಲಿ ಗೆರೆ ಎಳೆಯಬೇಡಿ. ನೀವು ಬಿಟ್ಟ ಮಾಡನ್ನು ಮಳೆ ಬಂದು ಬರೆಸಿಕೊಳ್ಳುತ್ತದೆ.

ಸಾಗರಕ್ಕೆ ಬಂದ ಮೇಲೆ ಕಂಪ್ಯೂಟರ್ ಬಂತು. ನಾನು ನಿಧಾನಕ್ಕೆ ಕಲಿತೆ. ಕಟ್ಟಡ ಎದ್ದು ನಿಂತ ಹಾಗೆಯೇ ಬಣ್ಣದ ಚಿತ್ರ ತೆಗೆದುಕೊಡುವುದೂ ಶುರುವಾಯಿತು. ಕಟ್ಟಿಸುವವರಿಗೆ ಅದು ಬಹಳ ಇಷ್ಟ. ಆದರೆ ಆ ಚಿತ್ರಗಳಲ್ಲಿ ಒಂದು ವಿಷಯ ಗಮನಿಸಿ. ಕಟ್ಟಡ ಒಂದೇ ಇರುತ್ತದೆ. ಸುತ್ತ ಹುಲ್ಲು, ನಮ್ಮ ಕಡೆ ಬೆಳೆಯದ ಮರಗಳು, ನೀಲಿ ಆಕಾಶ. ಪಕ್ಕದ ಹೆಂಚಿನ ಸಾಲಿಲ್ಲ, ಎದುರಿನ ಗಿರಣಿಯಿಲ್ಲ, ಕರೆಂಟಿನ ತಂತಿಯಿಲ್ಲ. ನಾನು ಮಾಡಿದ ಚಿತ್ರಗಳಲ್ಲಿ ಅಕ್ಕಪಕ್ಕದ ಮನೆಗಳನ್ನು ಇರುವ ಹಾಗೇ ಬರೆಯುತ್ತಿದ್ದೆ. "ಅವ್ರ ಮನೆ ಯಾಕ್ರೀ ನಮ್ಮ ಚಿತ್ರದಲ್ಲಿ?" ಎಂದು ಕೇಳಿದವರಿದ್ದಾರೆ. ನಿಮ್ಮ ಕಟ್ಟಡ ಅವರ ಕಿಟಕಿಯಲ್ಲಿ ಇರುತ್ತದಲ್ಲ, ಅದಕ್ಕೆ ಎನ್ನುತ್ತಿದ್ದೆ.

ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮೊದಲು ಅಣ್ಣ ಕಚೇರಿಗೆ ಬಂದ. ಗೌಡರ ಎದುರಿನ ಕುರ್ಚಿಯಲ್ಲಿ ಕೂತು, "ಐದು ಅಂತಸ್ತು ಸಾರ್. ಕೆಳಗೆ ಅಂಗಡಿ, ಮೇಲೆ ಲಾಡ್ಜು. ತುಮರಿ ಕಡೆ ಹಿನ್ನೀರಿಗೆ ಸೇತುವೆ ಆಗ್ತಿದೆ. ನೀರು ದಾಟೋಕೆ ಲಾಂಚ್ ಕಾಯೋ ಕಾಲ ಹೋತು. ಬಂದ ಜನ ಉಳ್ಕೊಳ್ಳೋದು ಎಲ್ಲಿ? ನಕ್ಷೆ ನನ್ನ ತಂಗೀನೇ ಬರೀಬೇಕು" ಎಂದ.

ಗೌಡರು ನನ್ನ ಕಡೆ ನೋಡಿದರು. ನಾನು, "ಇವ್ನಿಗೆ ಬೇರೆಯವ್ರು ಬರೆದುಕೊಟ್ರೆ ಒಳ್ಳೇದು ಸಾರ್. ನಂಗೆ ಇಷ್ಟ ಇಲ್ಲ" ಎಂದೆ.

"ಇಷ್ಟ ಇಲ್ದೋರ ಕೈಲೇ ಬರಸ್ಬೇಕು ಸಾರ್" ಎಂದ ಅಣ್ಣ. "ಇಷ್ಟ ಇದ್ದೋರು ತಪ್ಪು ಹುಡುಕಲ್ಲ."

ದೋಟಿ ನಿಲ್ಲಿಸಿದೆವು. ಈಗ ಬಿದಿರಿನದಲ್ಲ, ಫೈಬರಿನದು. ಒಂದರೊಳಗಿಂದ ಒಂದು ಎಳೆದರೆ ಎಷ್ಟೆತ್ತರಕ್ಕೂ ಹೋಗುತ್ತದೆ. ತುದಿಯಲ್ಲಿ ಕೊಡೆ. ಅಣ್ಣ, ಗೌಡರು, ನಾನು ಮೂವರೂ ಗಣಪತಿ ಕೆರೆ ಏರಿಗೆ ಹೋದೆವು. ಸಾಲು ಹೆಂಚಿನ ಮಾಡುಗಳ ಮೇಲೆ, ತೆಂಗಿನ ತಲೆಗಳಿಗಿಂತಲೂ ಮೇಲೆ ಆ ಕೊಡೆ ಅಲ್ಲಾಡುತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ನೋಡಿದರೂ ಕೊಡೆ. ಹೊಸನಗರ ರಸ್ತೆಯ ಏರಿನಿಂದಲೂ ಕೊಡೆ. ಅಣ್ಣನ ಮುಖ ಅರಳಿತ್ತು.

"ಕಾಣ್ತಾ?"

"ಕಾಣ್ತದೆ. ಅದೊಂದೇ ಕಾಣ್ತದೆ. ಊರು ಕಾಣಲ್ಲ" ಎಂದೆ.

"ಊರು, ಊರು. ಊರಿನ ಗುಣ ಅಂತೀಯಲ್ಲ, ಯಾರ ಗುಣವೇ ಅದು? ಈ ಸಾಲು ತಗ್ಗಾಗಿ ಒಂದೇ ಸಮ ಇದೆ, ಚೆಂದ ಇದೆ ಅಂತೀಯ. ಒಂದೇ ಸಮ ಯಾಕಿದೆ ಅಂತ ಕೇಳಿದ್ಯಾ? ಮೇಲೆ ಹೋಗೋನಿಗೆ ಹೋಗೋಕೆ ಬಿಟ್ಟಿಲ್ಲ, ಅದಕ್ಕೆ."

"ಎಲ್ಲಾ ಊರೂ ಹಂಗಲ್ಲ. ಕೆಲವು ಕಡೆ ಜನ ಮಳೆಗೆ, ಗಾಳಿಗೆ ಹೆದರಿ ತಗ್ಗು ಕಟ್ಕೊಂಡಿದ್ದಾರೆ. ಪಕ್ಕದೋರ ಬಿಸ್ಲು ನೋಡಿ ತಗ್ಗು ಕಟ್ಕೊಂಡಿದ್ದಾರೆ. ಅದು ತಗ್ಗಿ ನಡೆಯೋದಲ್ಲ, ಮರ್ಯಾದೆ."

"ಮರ್ಯಾದೆ ಕೊಡೋರು ಯಾವಾಗ್ಲೂ ನಾವೇ ಯಾಕಾಗ್ಬೇಕು?"

ವಾಪಸು ಬರುವಾಗ ಗೌಡರು, "ತಿಮ್ಮಪ್ಪ, ರಸ್ತೆ ಅಗಲ ಇದೆ, ಕಾಯ್ದೆ ಪ್ರಕಾರ ಕಟ್ಬಹುದು. ನನಗೆ ಸರಿ ಕಾಣಲ್ಲ ಅಂತ ಹೇಳ್ತೀನಿ. ಆದ್ರೆ ನಾನು ಹೇಳಿದೆ ಅಂತ ನೀವು ಇಳಿಸ್ಬೇಡಿ" ಎಂದರು. ಆ ಮನುಷ್ಯನ ಮೇಲೆ ನನಗಿರುವ ಗೌರವದಲ್ಲಿ ಅರ್ಧ ಆ ಮಾತಿಗೆ ಸೇರಿದ್ದು.

ನಕ್ಷೆ ನಾನೇ ಬರೆದೆ. ಐದೂ ಅಂತಸ್ತು. ಅಂತಸ್ತಿಗೆ ಅಂತಸ್ತು ಗಾಳಿ ಬೆಳಕು ಸರಿ ಮಾಡಿದೆ, ಹಿಂದಿನ ಮನೆಯವರ ಕಡೆಗೆ ನೀರು ಬೀಳದ ಹಾಗೆ ಮಾಡಿನ ಇಳಿಜಾರು ಕೊಟ್ಟೆ. ಕಂಬದ ದಪ್ಪದಲ್ಲಿ, ಪಾಯದ ಆಳದಲ್ಲಿ ಗೌಡರು ಒಂದು ಎಳೆಯಷ್ಟೂ ಕಡಿಮೆ ಮಾಡಲಿಲ್ಲ. ಒಪ್ಪದ ಕಟ್ಟಡಕ್ಕೂ ಪಾಯ ಗಟ್ಟಿಯಾಗಿಯೇ ಇರಬೇಕು. ಹೊಸಬರು ಇದನ್ನೊಂದು ನೆನಪಿಟ್ಟುಕೊಂಡರೆ ಸಾಕು. ನಮ್ಮ ಅಭಿಪ್ರಾಯವನ್ನು ಬಾಯಲ್ಲಿ ಹೇಳಬೇಕೇ ಹೊರತು ಗೆರೆಯಲ್ಲಿ ಸೇಡು ತೀರಿಸಿಕೊಳ್ಳಬಾರದು.

ಕೆಲಸ ನಿಧಾನಕ್ಕೆ ಏರಿತು. ಪ್ರತಿ ಸ್ಲ್ಯಾಬು ಹಾಕಿದಾಗಲೂ ಅಣ್ಣ ಫೋನು ಮಾಡಿ, "ಬಾರೆ, ಬೈಯೋಕೆ" ಎಂದು ಕರೆಯುತ್ತಿದ್ದ. ಹೋಗಿ ಬೈದು ಬರುತ್ತಿದ್ದೆ. ಮೂರನೇ ಸ್ಲ್ಯಾಬಿನ ಮೇಲೆ ನಿಂತಾಗ ಅವನಿಗೆ ಮೆಟ್ಟಿಲು ಹತ್ತಿದ ಏದುಸಿರು ತುಂಬ ಹೊತ್ತು ಇಳಿಯಲಿಲ್ಲ. ಡಾಕ್ಟರಿಗೆ ತೋರಿಸು ಎಂದೆ. ತೋರಿಸಿದ. ಹೃದಯದ ತೊಂದರೆ ಎಂದರು, ಔಷಧ ಕೊಟ್ಟರು. ಮಳೆ ಬಿಡುವ ಹೊತ್ತಿಗೆ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಅತ್ತಿಗೆ ಕೇಳಿದ ಪ್ರಶ್ನೆಗೆ ನಾನು ಕೆಲವು ದಿನ ತೆಗೆದುಕೊಂಡೆ. ಮೂರಕ್ಕೇ ನಿಲ್ಲಿಸಿ ಮೇಲೆ ಇಳಿಜಾರಿನ ಹೆಂಚಿನ ಮಾಡು ಹೊದಿಸಿದರೆ ಹೇಗಿರುತ್ತದೆ ಎಂದು ಒಂದು ನಕ್ಷೆ ಬರೆದೆ. ಸಾಲಿಗೆ ಚೆನ್ನಾಗಿ ಕೂತಿತು. ಅಣ್ಣನ ಐದು ಅಂತಸ್ತಿನದೂ ಇತ್ತು. ಎರಡನ್ನೂ ತೆಗೆದುಕೊಂಡು ಹೋದೆ. ಅತ್ತಿಗೆ, ನಾನು, ಮೇಸ್ತ್ರಿ ಮಂಜುನಾಥ ಮೂವರೂ ಮೂರನೇ ಸ್ಲ್ಯಾಬಿನ ಮೇಲೆ ಹೋಗಿ ನಿಂತೆವು. ಕಂಬಿಗಳಿಗೆ ತುಕ್ಕು ಹಿಡಿದು ಕೆಂಪು ನೀರು ಸ್ಲ್ಯಾಬಿನ ಮೇಲೆ ಹರಿದ ಗುರುತಿತ್ತು.

ಅತ್ತಿಗೆ ಎರಡೂ ನಕ್ಷೆ ನೋಡಿದರು. "ನಂಗೆ ಇದು ತಿಳಿಯಲ್ಲ. ನೀವಿಬ್ರೂ ಆಡ್ತಿದ್ರಲ್ಲ ಜಗಳ, ಅದನ್ನ ಇನ್ನೊಂದು ಸಲ ಆಡು. ನಾನು ಯಾವಾಗ್ಲೂ ಅಡುಗೆಮನೇಲಿ ಇರ್ತಿದ್ದೆ, ಪೂರ್ತಿ ಕೇಳಿಸ್ಕೊಂಡಿಲ್ಲ."

"ಅಣ್ಣನ ಕಡೆಯಿಂದ ಯಾರು ಮಾತಾಡೋದು ಅತ್ತಿಗೆ?"

"ಅದೂ ನೀನೇ. ಮತ್ಯಾರಿದ್ದಾರೆ?"

ಮೊದಲು ನನ್ನದು ಹೇಳಿದೆ. ಊರಿನ ಗಾತ್ರ, ಮಳೆ, ಪಕ್ಕದವರ ಬಿಸಿಲು, ದೂರದಿಂದ ಕಾಣುವ ಸಾಲು. ಬೇಗ ಮುಗಿಯಿತು. ಆಮೇಲೆ ಅವನದು ಶುರು ಮಾಡಿದೆ. ಒಡೆಯರ ಜಗಲಿ, ಅಜ್ಜನ ಗರಗಸ, ಅಪ್ಪ ತಲೆ ತಗ್ಗಿಸಿ ಒಳಗೆ ಬರುತ್ತಿದ್ದದ್ದು, ಶಾಲೆಯಲ್ಲಿ ಕರೆಯುತ್ತಿದ್ದದ್ದು, ಸೇತುವೆ, ಬರುವ ಜನ, ಊರಿಗೂ ಬೆಳೆಯುವ ಹಕ್ಕಿದೆ ಎಂಬುದು. ಅವನು ಹೇಳದೇ ಬಿಟ್ಟ ಮಾತುಗಳೂ ನನ್ನ ಬಾಯಿಗೆ ಬಂದವು. ಊರಿನ ಎತ್ತರ ಊರಿನ ಗುಣ ಹೇಳಬೇಕು ಎನ್ನುವುದಾದರೆ, ನಮ್ಮಂಥವರ ಗುಣವೂ ಆ ಊರಿನದೇ, ಅದೂ ಎಲ್ಲಾದರೂ ಒಂದು ಕಡೆ ಎದ್ದು ಕಾಣಬೇಕು ಎಂದೆ. ಇದಕ್ಕೆ ನನ್ನ ಕಡೆಯಿಂದ ಏನು ಉತ್ತರ ಎಂದು ಯೋಚಿಸಿದೆ. ಉತ್ತರವಿತ್ತು, ಈಗಲೂ ಇದೆ. ಆದರೆ ಆಗ ಹೇಳಲಿಲ್ಲ.

ಅತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. "ನಿಮ್ಮಣ್ಣ ಇಷ್ಟು ಚೆನ್ನಾಗಿ ಮಾತಾಡ್ತಿರ್ಲಿಲ್ಲ ಬಿಡು. ಬರೀ ಕೂಗಾಡ್ತಿದ್ರು."

ಮಂಜುನಾಥನಿಗೆ ಇದೆಲ್ಲ ಗೊತ್ತಿಲ್ಲ. ಅವನು ಪಾಪ, ಕೆಲಸದ ಮಾತು ಕೇಳಿದ. "ಅಮ್ಮಾ, ಹೆಂಚಿನ ಮಾಡೇ ಆದ್ರೆ ಈ ಕಂಬಿ ಅಡ್ಡ. ನಾಳೆ ಮಿಷನ್ ತಂದು ಎಲ್ಲಾ ಬುಡಕ್ಕೆ ಕುಯ್ದು ಬಿಡ್ಲಾ?"

ಅತ್ತಿಗೆ ನನ್ನ ಮುಖ ನೋಡಲಿಲ್ಲ. "ಬೇಡಪ್ಪ. ಈ ಮನೆತನದಲ್ಲಿ ಒಂದ್ಸಲ ಕುಯ್ದಿದ್ದು ಸಾಕು. ಐದೂ ಕಟ್ಟು" ಎಂದರು.

ಈ ವರ್ಷ ಮಳೆ ಹಿಡಿಯುವ ಮೊದಲು ಐದನೇ ಸ್ಲ್ಯಾಬು ಹಾಕಿಯಾಯಿತು, ಮಾಡೂ ಏರಿತು. ನಾನೇ ನಿಂತು ಇಳಿಜಾರು ಸರಿ ನೋಡಿಕೊಂಡೆ. ಹಿಂದಿನ ಮನೆಗೆ ಒಂದು ಹನಿ ಬೀಳುವುದಿಲ್ಲ. ಕೆಲಸ ಮುಗಿದ ಮೇಲೆ ಒಬ್ಬಳೇ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿದೆ, ಅಲ್ಲಿಂದ ಕೆರೆ ಏರಿಗೆ ಹೋದೆ. ತಗ್ಗು ಮಾಡುಗಳ ನಡುವೆ ಅದೊಂದೇ ಎದ್ದು ನಿಂತಿದೆ. ಎತ್ತರ ಜಾಸ್ತಿಯಾಯಿತು. ಊರಿಗೆ ಹೊಂದುವುದಿಲ್ಲ. ನನ್ನ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲ. ಅದನ್ನು ಹೇಳಿದ ಕೂಡಲೇ ರೇಗಿ ತಿರುಗಿ ಬೀಳಲು ಈ ಊರಿನಲ್ಲಿ ಒಬ್ಬನಿದ್ದ. ಅವನಿಗೆ ಹೇಳಬೇಕಿತ್ತು.